ಸ್ಕಾಟ್ಲೆಂಡಿನ ಪೂರ್ವಜರ ಹುಡುಕಾಟ: ಹೆಸರಿಗಿಂತ ಮೊದಲು ಊರು ಹಿಡಿಯಿರಿ

ಸ್ಕಾಟ್ಲೆಂಡಿನಲ್ಲಿ ಹೆಸರು ಕಮ್ಮಿ, ಜನ ಜಾಸ್ತಿ. ವಂಶ ಹುಡುಕಲು ಹೊರಟವರು ಮೊದಲು ಎಡವುವುದು ಇಲ್ಲೇ. ಹಳೆಯ ದಾಖಲೆ ತೆರೆದರೆ ಗಂಡಸರೆಲ್ಲ ಜಾನ್, ಜೇಮ್ಸ್, ವಿಲಿಯಂ, ರಾಬರ್ಟ್, ಅಲೆಕ್ಸಾಂಡರ್. ಹೆಂಗಸರೆಲ್ಲ ಮಾರ್ಗರೆಟ್, ಮೇರಿ, ಜಾನೆಟ್, ಆಗ್ನೆಸ್, ಇಸಬೆಲ್ಲಾ. ಮನೆತನದ ಹೆಸರಾದರೂ ಬೇರೆ ಬೇರೆ ಇದೆಯಾ ಅಂದರೆ ಅದೂ ಇಲ್ಲ. ಸ್ಮಿತ್, ಬ್ರೌನ್, ವಿಲ್ಸನ್, ಕ್ಯಾಂಪ್‌ಬೆಲ್, ಮ್ಯಾಕ್‌ಡೊನಾಲ್ಡ್ ಇವೇ ಸುತ್ತಿ ಸುತ್ತಿ ಬರುತ್ತವೆ. ಈಶಾನ್ಯ ಕರಾವಳಿಯ ಬಕಿ ಸುತ್ತಮುತ್ತಲ ಮೀನುಗಾರರ ಹಳ್ಳಿಗಳಲ್ಲಂತೂ ಊರಿಗೆ ಊರೇ ಎರಡು ಮೂರು ಮನೆತನದ ಹೆಸರಲ್ಲಿ ಮುಗಿಯುತ್ತಿತ್ತು. ಯಾರು ಯಾರೆಂದು ಗೊತ್ತಾಗಲಿ ಅಂತ ಅಲ್ಲಿನವರು ಒಬ್ಬೊಬ್ಬರಿಗೂ ಒಂದೊಂದು ಅಡ್ಡಹೆಸರು ಇಟ್ಟುಕೊಂಡರು. ಸರ್ಕಾರಿ ಪುಸ್ತಕದಲ್ಲೂ ಆ ಅಡ್ಡಹೆಸರು ಸೇರಿಕೊಂಡಿದೆ.

ಹಾಗಾಗಿ 'ಗ್ಲಾಸ್ಗೋದ ಜಾನ್ ಸ್ಮಿತ್, ಸುಮಾರು 1850' ಅಂತ ಹುಡುಕಿದರೆ ಪುಟಗಟ್ಟಲೆ ಜಾನ್ ಸ್ಮಿತ್‌ಗಳು ಬಂದು ಬೀಳುತ್ತಾರೆ. ನಿಮ್ಮವನು ಯಾರು? ಹೆಸರಿನಿಂದ ಅದು ಗೊತ್ತಾಗುವುದಿಲ್ಲ. ನಮ್ಮಲ್ಲಾದರೆ ಇನಿಷಿಯಲ್‌ನಲ್ಲೇ ಎಷ್ಟೋ ಸಲ ಊರು ಕೂತಿರುತ್ತದೆ. ಸ್ಕಾಟರ ಹೆಸರಿಗೆ ಆ ಅನುಕೂಲ ಇಲ್ಲ. ಊರನ್ನು ನಾವೇ ಹುಡುಕಿ ಹೆಸರಿಗೆ ಅಂಟಿಸಬೇಕು. ಅದರ ಜೊತೆಗೆ ಇನ್ನೊಂದು ಗುರುತು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ: ತಾಯಿಯ ತವರಿನ ಮನೆತನದ ಹೆಸರು. ಈ ಎರಡನ್ನು ಎಲ್ಲಿಂದ ಪಡೆಯುವುದು, ಲೈಬ್ರರಿಗಳು ಇದಕ್ಕೆ ಹೇಗೆ ನೆರವಾಗುತ್ತವೆ ಅನ್ನುವುದೇ ಈ ಲೇಖನ.

ಇಂಥ ಹುಡುಕಾಟ ಈಗ ನಮ್ಮವರಿಗೂ ದೂರದ್ದಲ್ಲ. ಸ್ಕಾಟಿಷ್ ಮನೆಗೆ ಸೊಸೆಯಾಗಿಯೋ ಅಳಿಯನಾಗಿಯೋ ಹೋದ ಕನ್ನಡಿಗರು ಇದ್ದಾರೆ. ಬೆಂಗಳೂರಿನಲ್ಲಿ ಸ್ಕಾಟಿಷ್ ಹೆಸರು ಹೊತ್ತ ಆಂಗ್ಲೋ ಇಂಡಿಯನ್ ಕುಟುಂಬಗಳಿವೆ. ಅವರ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಶುರುವಿಗೆ ಮುಂಚೆ ಒಂದು ಎಚ್ಚರಿಕೆ. ಎಡಿನ್‌ಬರ್ಗ್‌ನ ರಾಯಲ್ ಮೈಲ್ ಬೀದಿಯಲ್ಲಿ ನಡೆದರೆ ಅಂಗಡಿ ಅಂಗಡಿಯಲ್ಲೂ 'ನಿಮ್ಮ ಕುಲದ ಟಾರ್ಟನ್' ಅಂತ ಬಣ್ಣದ ಚೌಕಳಿ ಬಟ್ಟೆ ಮಾರುತ್ತಾರೆ. ಕೊಳ್ಳುವುದಾದರೆ ಕೊಳ್ಳಿ, ಚೆನ್ನಾಗಿರುತ್ತದೆ. ಆದರೆ ಅದು ವಂಶಾವಳಿ ಅಲ್ಲ. ಕ್ಯಾಂಪ್‌ಬೆಲ್ ಅಂತ ಹೆಸರಿದ್ದ ಮಾತ್ರಕ್ಕೆ ಆ ಕುಲದ ಮುಖ್ಯಸ್ಥ ಆರ್ಗೈಲ್ ಡ್ಯೂಕ್‌ನ ರಕ್ತಸಂಬಂಧಿ ಆಗುವುದಿಲ್ಲ. ಎಷ್ಟೋ ಗೇಣಿದಾರರು, ಆಳುಕಾಳುಗಳು ತಾವಿದ್ದ ನೆಲದ ಒಡೆಯನ ಹೆಸರನ್ನೇ ಇಟ್ಟುಕೊಂಡಿದ್ದರು. ಕುಲದ ಮುಖ್ಯಸ್ಥನಿಂದ ಕೆಳಗೆ ಇಳಿಯುತ್ತಾ ಬರಬೇಡಿ. ನಿಮ್ಮಿಂದ ಶುರು ಮಾಡಿ ಒಂದೊಂದೇ ತಲೆಮಾರು ಮೇಲೆ ಹತ್ತಿ.

ಹುಟ್ಟಿನಿಂದಲ್ಲ, ಸಾವಿನಿಂದ ಶುರು

ಹೊಸಬರು ಸಾಮಾನ್ಯವಾಗಿ ಮುತ್ತಜ್ಜನ ಜನನ ದಾಖಲೆ ಹುಡುಕಲು ಹೋಗುತ್ತಾರೆ. ಸ್ಕಾಟ್ಲೆಂಡಿನಲ್ಲಿ ಮರಣ ದಾಖಲೆಯಿಂದ ಶುರು ಮಾಡುವುದು ಜಾಣತನ. ಯಾಕೆಂದರೆ ಅಲ್ಲಿನ ಮರಣ ದಾಖಲೆಯಲ್ಲಿ ಸತ್ತವರ ಅಪ್ಪ ಅಮ್ಮ ಇಬ್ಬರ ಹೆಸರೂ ಇರುತ್ತದೆ. ಅಪ್ಪನ ಕಸುಬು ಇರುತ್ತದೆ. ಅಮ್ಮನ ತವರಿನ ಹೆಸರೂ ಇರುತ್ತದೆ! ಎಂಬತ್ತು ವರ್ಷದ ಮುದುಕಿ 1860ರಲ್ಲಿ ತೀರಿಕೊಂಡಿದ್ದರೆ, ಆ ಒಂದೇ ಹಾಳೆ ನಿಮ್ಮನ್ನು 1780ರ ಆಚೆಗೆ ಎಳೆದುಕೊಂಡು ಹೋಗಬಹುದು. ಅದೇ ಕಾಲದ ಇಂಗ್ಲೆಂಡಿನ ಮರಣ ಪತ್ರದಲ್ಲಿ ದೊಡ್ಡವರ ತಂದೆತಾಯಿ ಹೆಸರನ್ನು ಕೇಳುತ್ತಲೇ ಇರಲಿಲ್ಲ.

ಇನ್ನೊಂದು ಅನುಕೂಲವೂ ಇದೆ. ಸ್ಕಾಟ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ತವರಿನ ಹೆಸರು ಕಾನೂನಿನ ಕಣ್ಣಲ್ಲಿ ಅಳಿಸಿಹೋಗುತ್ತಿರಲಿಲ್ಲ. ಮರಣದ ಇಂಡೆಕ್ಸ್‌ನಲ್ಲಿ ಗಂಡನ ಮನೆಯ ಹೆಸರು, ತವರಿನ ಹೆಸರು ಎರಡರಲ್ಲೂ ಅವಳು ಸಿಗುತ್ತಾಳೆ. ಹಳೆಯ ಗೋರಿಕಲ್ಲುಗಳ ಮೇಲೂ ತವರಿನ ಹೆಸರನ್ನೇ ಕೆತ್ತಿರುವುದು ಸಾಮಾನ್ಯ. ಬೇರೆ ದೇಶಗಳಲ್ಲಿ ವಂಶ ಹುಡುಕಿದವರಿಗೆ ಇದರ ಬೆಲೆ ಗೊತ್ತು. ಹೆಣ್ಣಿನ ಕಡೆಯ ದಾರಿ ಮದುವೆಯ ಹತ್ತಿರ ಬಂದು ನಿಂತುಬಿಡುವುದೇ ಹೆಚ್ಚು. ಇಲ್ಲಿ ಆ ದಾರಿ ತೆರೆದೇ ಇರುತ್ತದೆ.

ಆದರೆ ಮರಣ ದಾಖಲೆಯನ್ನು ಕಣ್ಣು ಮುಚ್ಚಿ ನಂಬಬೇಡಿ. ಸತ್ತವರು ತಮ್ಮ ವಿವರ ತಾವೇ ಹೇಳಲಾರರಲ್ಲ. ಕೆಳಗೆ ಸಾವಿನ ಸುದ್ದಿ ಕೊಟ್ಟವರ ಸಹಿ ಇರುತ್ತದೆ, ಸಂಬಂಧವೂ ಬರೆದಿರುತ್ತದೆ. ಮಗನೋ ಮಗಳೋ ಆಗಿದ್ದರೆ ಅಜ್ಜಿಯ ಹೆಸರು ಸರಿಯಾಗಿರುವ ಸಾಧ್ಯತೆ ಹೆಚ್ಚು. ಸಹಿ ಮಾಡಿದ್ದು ಪಕ್ಕದ ಮನೆಯವನೋ ಬಾಡಿಗೆ ಕೊಟ್ಟವನೋ ಆಗಿದ್ದರೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡು ಮುಂದೆ ಹೋಗಿ, ಬೇರೆ ದಾಖಲೆ ಒಪ್ಪುವ ತನಕ ಶಾಯಿ ಹಾಕಬೇಡಿ.

ಮರಣದಿಂದ ಮದುವೆಗೆ, ಮದುವೆಯಿಂದ ಜನನಕ್ಕೆ, ಅಲ್ಲಿಂದ ಮತ್ತೆ ಹಿಂದಿನವರ ಮರಣಕ್ಕೆ. ಹೀಗೆ ಸುತ್ತು ಹಾಕುತ್ತಾ ಹತ್ತುವುದು. ಮದುವೆಯ ದಾಖಲೆಯಲ್ಲಿ ಹುಡುಗ ಹುಡುಗಿ ಇಬ್ಬರ ಕಡೆಯ ತಂದೆತಾಯಿ ಹೆಸರೂ ಇರುತ್ತದೆ. ಜನನದ ದಾಖಲೆಯಲ್ಲಿ ಹುಟ್ಟಿದ ಗಂಟೆ ನಿಮಿಷ ಕೂಡ ಬರೆದಿರುತ್ತಾರೆ. ಜಾತಕ ಬರೆಸುವ ಆಸೆ ಇದ್ದವರಿಗೆ 150 ವರ್ಷದ ಹಿಂದಿನ ಸ್ಕಾಟನದ್ದೂ ಬರೆಸಬಹುದು, ಅಲ್ವಾ?

1855 ಎಂಬ ಹೊಸಿಲು

ಮೇಲೆ ಹೇಳಿದ್ದೆಲ್ಲ 1855ರ ಜನವರಿ 1ರಿಂದ ಈಚೆಗೆ. ಸರ್ಕಾರವೇ ಎಲ್ಲರ ಹುಟ್ಟು, ಮದುವೆ, ಸಾವು ಬರೆಸುವುದನ್ನು ಕಡ್ಡಾಯ ಮಾಡಿದ್ದು ಅಂದು. ಇಂಗ್ಲೆಂಡಿನಲ್ಲಿ 1837ರಲ್ಲೇ ಶುರುವಾಗಿತ್ತು. ಸ್ಕಾಟರು ತಡ ಮಾಡಿದರೂ ವಿವರ ಕೇಳುವುದರಲ್ಲಿ ಜಿಪುಣತನ ಮಾಡಲಿಲ್ಲ. ಮೊದಲ ವರ್ಷವಂತೂ ಅತಿಯೇ ಆಯಿತು. 1855ರ ಜನನ ದಾಖಲೆಯಲ್ಲಿ ಅಪ್ಪ ಅಮ್ಮನ ವಯಸ್ಸು, ಅವರು ಹುಟ್ಟಿದ ಊರು, ಅವರ ಮದುವೆಯ ದಿನ ಮತ್ತು ಊರು, ಈ ಮಗುವಿಗೆ ಮೊದಲು ಹುಟ್ಟಿದ ಮಕ್ಕಳೆಷ್ಟು, ಬದುಕಿದವರೆಷ್ಟು ಎಲ್ಲ ಇದೆ. ಅದೇ ವರ್ಷದ ಮರಣ ದಾಖಲೆಯಲ್ಲಿ ಸತ್ತವರ ಹುಟ್ಟೂರು, ಗಂಡ ಅಥವಾ ಹೆಂಡತಿಯ ಹೆಸರು, ಮಕ್ಕಳ ಹೆಸರು ವಯಸ್ಸು ಸಹಿತ ಸಿಗುತ್ತದೆ.

ಬರೆಯುವವರ ಕೈ ಸೋತಿತು. 1856ಕ್ಕೆ ಬಹಳಷ್ಟು ಕಾಲಂ ಕಿತ್ತುಹಾಕಿದರು. ತಂದೆತಾಯಿಯ ಮದುವೆಯ ವಿವರ ಮತ್ತು ಸತ್ತವರ ಸಂಗಾತಿಯ ಹೆಸರು 1861ರಿಂದ ಮತ್ತೆ ಬಂತು. ಇದರಿಂದ ಕಲಿಯಬೇಕಾದ ಉಪಾಯ ಒಂದಿದೆ. ನಿಮ್ಮ ನೇರ ಅಜ್ಜ 1855ರಲ್ಲಿ ಹುಟ್ಟಿಲ್ಲದಿರಬಹುದು. ಅವನ ತಮ್ಮನೋ ತಂಗಿಯೋ ಆ ವರ್ಷ ಹುಟ್ಟಿದ್ದಾರಾ ನೋಡಿ. ಆ ಮಗುವಿನ ದಾಖಲೆ ತೆಗೆದರೆ ಅಪ್ಪ ಅಮ್ಮನ ಹುಟ್ಟೂರು ಕೈಗೆ ಬರುತ್ತದೆ. ಚಿಕ್ಕಜ್ಜ ಚಿಕ್ಕಜ್ಜಿಯರನ್ನು ಕಡೆಗಣಿಸುವವರು ಇಲ್ಲಿ ಸೋಲುತ್ತಾರೆ.

ಮದುವೆಯಿಲ್ಲದೆ ಹುಟ್ಟಿದ ಮಗುವಾದರೆ ಅಪ್ಪನ ಜಾಗ ಸಾಮಾನ್ಯವಾಗಿ ಖಾಲಿ. ಅವನೇ ಬಂದು ತಾಯಿಯ ಜೊತೆ ಸಹಿ ಹಾಕಿದ್ದರೆ ಮಾತ್ರ ಹೆಸರು. ಆದರೆ ಹಾಳೆಯ ಅಂಚಿನಲ್ಲಿ ಸಣ್ಣ ಷರಾ ಇದೆಯಾ ನೋಡಿ. ಮುಂದೆ ಕೋರ್ಟಿನಲ್ಲಿ ಅಪ್ಪ ಯಾರೆಂದು ತೀರ್ಮಾನವಾಗಿದ್ದರೆ ಅದನ್ನು ತಿದ್ದುಪಡಿ ರಿಜಿಸ್ಟರ್ ಅಂತ ಬೇರೆ ಪುಸ್ತಕದಲ್ಲಿ ಬರೆದು, ಮೂಲ ಹಾಳೆಯಲ್ಲಿ ಅದರ ಗುರುತು ಹಾಕುತ್ತಿದ್ದರು. ಅಪಘಾತದಲ್ಲಿ, ಅನುಮಾನಾಸ್ಪದವಾಗಿ ಸತ್ತವರ ವಿಚಾರಣೆಯ ಫಲವೂ ಅದೇ ಪುಸ್ತಕದಲ್ಲಿರುತ್ತದೆ. ಅಂಚಿನ ಷರಾ ಓದದೆ ಪುಟ ತಿರುಗಿಸಬೇಡಿ.

ಇವೆಲ್ಲ ಸಿಗುವುದು ಸ್ಕಾಟ್ಲೆಂಡ್ಸ್‌ಪೀಪಲ್ ಎಂಬ ಸರ್ಕಾರಿ ತಾಣದಲ್ಲಿ. ನಡೆಸುವುದು ಅಲ್ಲಿನ ರಾಷ್ಟ್ರೀಯ ದಾಖಲೆ ಇಲಾಖೆ. ಇಂಡೆಕ್ಸ್ ಹುಡುಕಲು ದುಡ್ಡಿಲ್ಲ. ಮೂಲ ಹಾಳೆಯ ಚಿತ್ರ ನೋಡಲು ಕ್ರೆಡಿಟ್ ಕೊಳ್ಳಬೇಕು. ಈಚಿನ ವರ್ಷಗಳಲ್ಲಿ ಒಂದು ಹಾಳೆಗೆ ಒಂದೂವರೆ ಪೌಂಡ್ ಬೀಳುತ್ತಿತ್ತು. ಜನನಕ್ಕೆ 100 ವರ್ಷ, ಮದುವೆಗೆ 75, ಮರಣಕ್ಕೆ 50 ವರ್ಷ ಆಗುವ ತನಕ ಚಿತ್ರವನ್ನು ಆನ್‌ಲೈನ್‌ನಲ್ಲಿ ತೋರಿಸುವುದಿಲ್ಲ. ಎಡಿನ್‌ಬರ್ಗ್‌ಗೆ ಹೋಗುವುದಾದರೆ ಜನರಲ್ ರಿಜಿಸ್ಟರ್ ಹೌಸ್‌ನಲ್ಲಿರುವ ಕೇಂದ್ರದಲ್ಲಿ ದಿನದ ಶುಲ್ಕ ಕೊಟ್ಟು ಎಷ್ಟು ಬೇಕಾದರೂ ನೋಡಬಹುದು, ಈಚಿನವನ್ನೂ ಸೇರಿಸಿ. ಗ್ಲಾಸ್ಗೋದ ಮಿಚೆಲ್ ಲೈಬ್ರರಿಯಲ್ಲೂ ಇಂಥ ವ್ಯವಸ್ಥೆ ಇದೆ. ಜಾನ್ ಸ್ಮಿತ್‌ನಂಥ ಹೆಸರಿದ್ದರೆ ದಿನದ ಶುಲ್ಕವೇ ಲಾಭ. ಮನೆಯಲ್ಲಿ ಕೂತು ಹತ್ತಾರು ತಪ್ಪು ಸ್ಮಿತ್‌ಗಳಿಗೆ ಒಂದೂವರೆ ಪೌಂಡ್‌ನಂತೆ ಸುರಿಯುವುದು ಯಾರಿಗೆ ಬೇಕು?

ಜನಗಣತಿ ಊರು ತೋರಿಸುತ್ತದೆ

ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ ಇಡೀ ಮನೆಯನ್ನು ಒಂದೇ ಕಡೆ ನಿಲ್ಲಿಸಿ ತೋರಿಸುತ್ತದೆ. ಎಲ್ಲರ ಹೆಸರು ಸಿಗುವುದು 1841ರಿಂದ. ಆದರೆ ಆ ವರ್ಷದ ಗಣತಿ ಒಂಥರಾ ಅರೆಬರೆ. 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ. 39 ವರ್ಷದವನು 35 ಆಗಿಬಿಡುತ್ತಾನೆ. ಹುಟ್ಟೂರು ಕೇಳಿದರೆ 'ಇದೇ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಹೌದೋ ಅಲ್ಲವೋ' ಅನ್ನುವಷ್ಟೇ ಉತ್ತರ. ಮನೆಯಲ್ಲಿರುವವರ ಸಂಬಂಧವೂ ಇಲ್ಲ.

1851ರದ್ದು ಬಂಗಾರ. ಸಂಬಂಧ ಇದೆ, ಸರಿಯಾದ ವಯಸ್ಸು ಇದೆ, ಎಲ್ಲಕ್ಕಿಂತ ಮುಖ್ಯವಾಗಿ ಹುಟ್ಟಿದ ಪ್ಯಾರಿಷ್ ಹೆಸರು ಇದೆ. ಪ್ಯಾರಿಷ್ ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಬರುವ ಹಳ್ಳಿಗಳ ಗುಂಪು. ಸ್ಕಾಟ್ಲೆಂಡಿನಲ್ಲಿ ಇಂಥವು 900ಕ್ಕೂ ಹೆಚ್ಚು. ಈ ಒಂದು ಹೆಸರು ಸಿಕ್ಕಿದರೆ 1855ರ ಹಿಂದಕ್ಕೆ ಕಾಲಿಡಬಹುದು. ಗ್ಲಾಸ್ಗೋದಲ್ಲಿ ಕಳೆದುಹೋಗಿದ್ದ ಜಾನ್ ಸ್ಮಿತ್ ಪರ್ತ್‌ಶೈರ್‌ನ ಒಂದು ಹಳ್ಳಿಯವನು ಅಂತ ತಿಳಿದ ಕೂಡಲೇ ಹುಡುಕಾಟದ ಜಾಗವೇ ಬದಲಾಗುತ್ತದೆ.

ಗಣತಿಯನ್ನು 100 ವರ್ಷ ಮುಚ್ಚಿಡುತ್ತಾರೆ. ಸದ್ಯಕ್ಕೆ ತೆರೆದಿರುವುದರಲ್ಲಿ ಕೊನೆಯದು 1921ರದ್ದು. ಅದು 2022ರ ನವೆಂಬರ್‌ನಲ್ಲಿ ಹೊರಬಂತು. ಇಂಗ್ಲೆಂಡ್ ಮತ್ತು ವೇಲ್ಸ್‌ನ 1931ರ ಗಣತಿ ಬೆಂಕಿಗೆ ಆಹುತಿಯಾಯಿತು, ಸ್ಕಾಟ್ಲೆಂಡಿನದ್ದು ಉಳಿದಿದೆ. 2032ರ ತನಕ ಕಾಯಬೇಕು ಅಷ್ಟೇ.

ಹೆಸರಿನ ಕಾಗುಣಿತದ ಬಗ್ಗೆ ಒಂದು ಮಾತು. ಗಣತಿ ಬರೆಯುವವನು ಕಿವಿಗೆ ಕೇಳಿದ್ದನ್ನು ಬರೆದ. ಡೊನಾಲ್ಡ್ ಒಂದು ಗಣತಿಯಲ್ಲಿ ಡೇನಿಯಲ್ ಆಗಿರುತ್ತಾನೆ. ಪೀಟರ್ ಮತ್ತು ಪ್ಯಾಟ್ರಿಕ್ ಒಬ್ಬನೇ ಇರಬಹುದು. ಜೀನ್, ಜೇನ್, ಜಾನೆಟ್, ಜೆಸ್ಸಿ ನಾಲ್ಕೂ ಒಬ್ಬಳೇ ಆಗಿದ್ದರೆ ಆಶ್ಚರ್ಯ ಬೇಡ. ಉತ್ತರದ ಬೆಟ್ಟಸೀಮೆ ಹೈಲ್ಯಾಂಡ್ಸ್ ಕಡೆ ಗೇಲಿಕ್ ಭಾಷೆ ಆಡುವ ಮೊರಾಗ್, ಇಂಗ್ಲಿಷ್ ಬರೆಯುವ ಗುಮಾಸ್ತನ ಕೈಯಲ್ಲಿ ಸಾರಾ ಅಥವಾ ಮೇರಿಯನ್ ಆಗುತ್ತಾಳೆ. ಹೆಸರಿನ ಮೇಲೆ ಪಟ್ಟು ಹಿಡಿದರೆ ಮನುಷ್ಯ ಕೈತಪ್ಪುತ್ತಾನೆ. ಅದಕ್ಕೇ ಊರು ಅಂದಿದ್ದು.

ಚರ್ಚಿನ ಪುಸ್ತಕಗಳು

1855ಕ್ಕೆ ಹಿಂದೆ ಸರ್ಕಾರ ಇಲ್ಲ, ಚರ್ಚ್ ಮಾತ್ರ. ಸ್ಕಾಟ್ಲೆಂಡಿನ ಅಧಿಕೃತ ಚರ್ಚಿನ ಪಾದ್ರಿ ಅಥವಾ ಅಲ್ಲಿನ ಗುಮಾಸ್ತ ಬರೆದಿಟ್ಟ ಹಳೆಯ ಪ್ಯಾರಿಷ್ ಪುಸ್ತಕಗಳೇ ಆಧಾರ. ಎಲ್ಲಕ್ಕಿಂತ ಹಳೆಯದು ಪರ್ತ್‌ಶೈರ್‌ನ ಎರಲ್ ಎಂಬ ಊರಿನದು, 1553ರದ್ದು. ಅದನ್ನು ನೋಡಿ ಹಿಗ್ಗಬೇಡಿ. ಹೈಲ್ಯಾಂಡ್ಸ್ ಮತ್ತು ದ್ವೀಪಗಳ ಎಷ್ಟೋ ಪ್ಯಾರಿಷ್‌ಗಳಲ್ಲಿ ಪುಸ್ತಕ ಶುರುವಾಗಿದ್ದೇ 18ನೇ ಶತಮಾನದ ಕೊನೆಗೆ, ಕೆಲವು ಕಡೆ ಇನ್ನೂ ತಡ.

ಬರೆಸುವುದು ಕಡ್ಡಾಯ ಇರಲಿಲ್ಲ. ದುಡ್ಡು ಬೇರೆ ಕೊಡಬೇಕು. 1783ರಲ್ಲಿ ಸರ್ಕಾರ ಪ್ರತಿ ನಮೂದಿಗೂ ಮೂರು ಪೆನ್ಸ್ ತೆರಿಗೆ ಹಾಕಿತು. 1794ರಲ್ಲಿ ತೆಗೆಯುವ ತನಕ ಬಹಳ ಜನ ಮಕ್ಕಳ ಹೆಸರನ್ನೇ ಬರೆಸಲಿಲ್ಲ. ಇನ್ನೊಂದು ದೊಡ್ಡ ತೂತು 1843ರದ್ದು. ಪಾದ್ರಿಯನ್ನು ನೇಮಿಸುವ ಹಕ್ಕು ಜಮೀನ್ದಾರರದ್ದೋ ಊರವರದ್ದೋ ಅನ್ನುವ ಜಗಳ ಬೆಳೆದು, 450ಕ್ಕೂ ಹೆಚ್ಚು ಪಾದ್ರಿಗಳು ಅಧಿಕೃತ ಚರ್ಚ್ ಬಿಟ್ಟು ಫ್ರೀ ಚರ್ಚ್ ಕಟ್ಟಿದರು. ಅವರ ಹಿಂದೆ ಊರಿಗೆ ಊರೇ ಹೋಯಿತು. 1843ರಿಂದ 1854ರ ನಡುವೆ ಹುಟ್ಟಿದವನು ಪ್ಯಾರಿಷ್ ಪುಸ್ತಕದಲ್ಲಿ ಸಿಗದಿದ್ದರೆ, ಅವನ ಮನೆಯವರು ಫ್ರೀ ಚರ್ಚಿಗೆ ಹೋಗಿದ್ದರೇ ಅಂತ ಮೊದಲು ಯೋಚಿಸಿ. ಆ ಚರ್ಚುಗಳ ಪುಸ್ತಕ ಬೇರೆ, ಕ್ಯಾಥೊಲಿಕರದ್ದು ಬೇರೆ. ಸ್ಕಾಟ್ಲೆಂಡ್ಸ್‌ಪೀಪಲ್‌ನಲ್ಲೂ ಅವನ್ನು ಬೇರೆಯಾಗಿಯೇ ಹುಡುಕಬೇಕು.

ಗೋರಿಯ ಲೆಕ್ಕ ಇನ್ನೂ ಕಮ್ಮಿ. ಕೆಲವು ಕಡೆ ಹೂತದ್ದನ್ನು ಬರೆದಿಲ್ಲ. ಬದಲಿಗೆ ಶವದ ಮೇಲೆ ಹೊದಿಸುವ ಬಟ್ಟೆಯನ್ನು ಚರ್ಚಿನಿಂದ ಬಾಡಿಗೆಗೆ ಪಡೆದ ಲೆಕ್ಕ ಇರುತ್ತದೆ. ದುಡ್ಡಿನ ಲೆಕ್ಕವನ್ನು ಮಾತ್ರ ಅವರು ತಪ್ಪಿಸಲಿಲ್ಲ.

ಒಂದು ನಿಜವಾದ ಮನೆತನ ತೆಗೆದುಕೊಂಡು ನೋಡೋಣ. ಕವಿ ರಾಬರ್ಟ್ ಬರ್ನ್ಸ್ 1759ರ ಜನವರಿ 25ರಂದು ಆಲೋವೇಯಲ್ಲಿ ಹುಟ್ಟಿದ. ಏರ್ ಪ್ಯಾರಿಷ್ ಪುಸ್ತಕದಲ್ಲಿ ಅಪ್ಪ ವಿಲಿಯಂ, ಅಮ್ಮ ಆಗ್ನೆಸ್ ಬ್ರೌನ್ ಅಂತ ಇದೆ. ನೋಡಿ, ಅಮ್ಮನ ತವರಿನ ಹೆಸರು ಇಲ್ಲೂ ಇದೆ. ಅಪ್ಪ ತನ್ನ ಹೆಸರನ್ನು ಬರ್ನೆಸ್ ಅಂತ ಬರೆಯುತ್ತಿದ್ದ. ಮಕ್ಕಳು 1786ರಲ್ಲಿ ಬರ್ನ್ಸ್ ಮಾಡಿಕೊಂಡರು. ಒಂದೇ ತಲೆಮಾರಿನಲ್ಲಿ ಕಾಗುಣಿತ ಹೀಗೆ ಬದಲಾದರೆ, ನಾಲ್ಕು ತಲೆಮಾರಿಗೆ ಏನಾಗಬಹುದು ಊಹಿಸಿ.

ಇದೇ ಮನೆಯಲ್ಲಿ ಹೆಸರಿಡುವ ಹಳೆಯ ಪದ್ಧತಿಯೂ ಕಾಣುತ್ತದೆ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು, ಮೂರನೆಯವನಿಗೆ ಅಪ್ಪನದೇ. ಮೊದಲ ಮಗಳಿಗೆ ಅಮ್ಮನ ಅಮ್ಮನ ಹೆಸರು, ಎರಡನೆಯವಳಿಗೆ ಅಪ್ಪನ ಅಮ್ಮನದು. ಕವಿಯ ಅಜ್ಜ ಕಿಂಕಾರ್ಡಿನ್‌ಶೈರ್‌ನ ರಾಬರ್ಟ್ ಬರ್ನೆಸ್. ತಮ್ಮ ಗಿಲ್ಬರ್ಟ್‌ಗೆ ಅಮ್ಮನ ಅಪ್ಪ ಗಿಲ್ಬರ್ಟ್ ಬ್ರೌನ್‌ನ ಹೆಸರು. ಮೂರನೆಯವನು ವಿಲಿಯಂ. ಮೊದಲ ಮಗಳು ಆಗ್ನೆಸ್, ಅಮ್ಮನ ಅಮ್ಮನ ಹೆಸರೂ ಆಗ್ನೆಸ್. ಆದರೆ ಎರಡನೆಯ ಮಗಳು ಅನಬೆಲ್ಲಾ. ಅಪ್ಪನ ಅಮ್ಮ ಇಸಬೆಲ್ಲಾ ಕೀತ್‌ಳ ಹೆಸರು ಬಂದಿದ್ದು ಮೂರನೆಯ ಮಗಳಿಗೆ. ಪದ್ಧತಿ ಸುಳಿವು ಕೊಡುತ್ತದೆ, ಸಾಕ್ಷಿ ಹೇಳುವುದಿಲ್ಲ. ಮೊಮ್ಮಕ್ಕಳ ಹೆಸರು ನೋಡಿ ಅಜ್ಜ ಯಾರಿರಬಹುದು ಅಂತ ಅಂದಾಜು ಮಾಡಿ, ಆಮೇಲೆ ದಾಖಲೆ ಹುಡುಕಿ. ಒಂದು ಮಗು ಸತ್ತರೆ ಮುಂದೆ ಹುಟ್ಟಿದ್ದಕ್ಕೆ ಅದೇ ಹೆಸರಿಡುವ ರೂಢಿಯೂ ಇತ್ತು. ಒಂದೇ ಮನೆಯಲ್ಲಿ ಇಬ್ಬರು ಜೇಮ್ಸ್ ಕಂಡರೆ ಮೊದಲನೆಯವನು ಬದುಕಿದ್ದಾನಾ ನೋಡಿಕೊಳ್ಳಿ.

ಚರ್ಚಿನ ಇನ್ನೊಂದು ಪುಸ್ತಕ ಇದಕ್ಕಿಂತ ರುಚಿಕರ. ಪಾದ್ರಿ ಮತ್ತು ಊರ ಹಿರಿಯರು ಸೇರಿ ನಡೆಸುತ್ತಿದ್ದ ಪಂಚಾಯಿತಿಯನ್ನು ಕಿರ್ಕ್ ಸೆಷನ್ ಅನ್ನುತ್ತಿದ್ದರು. ಭಾನುವಾರ ಕುಡಿದವನು, ಜಗಳವಾಡಿದವಳು, ಮದುವೆಗೆ ಮುಂಚೆ ಬಸುರಾದವಳು ಎಲ್ಲರನ್ನೂ ಇಲ್ಲಿಗೆ ಎಳೆಯುತ್ತಿದ್ದರು. ಹುಡುಗಿಯನ್ನು ಅಪ್ಪ ಯಾರೆಂದು ಕೇಳಿ, ಅವಳು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ಅವನನ್ನೂ ಕರೆಸುತ್ತಿದ್ದರು. ಉದ್ದೇಶ ಬರೀ ನೀತಿ ಅಲ್ಲ. ಅಪ್ಪ ಸಿಗದಿದ್ದರೆ ಆ ಮಗುವನ್ನು ಸಾಕುವ ಖರ್ಚು ಊರಿನ ಬಡವರ ನಿಧಿಯ ಮೇಲೆ ಬೀಳುತ್ತದಲ್ಲ. ಬರ್ನ್ಸ್‌ ಕೂಡ ಪ್ರೇಯಸಿ ಜೀನ್ ಆರ್ಮರ್ ಬಸುರಾದ ವಿಷಯದಲ್ಲಿ 1786ರಲ್ಲಿ ಮಾಕ್ಲಿನ್ ಚರ್ಚಿನಲ್ಲಿ ಎಲ್ಲರೆದುರು ತಪ್ಪು ಒಪ್ಪಿಕೊಳ್ಳಬೇಕಾಯಿತು. 1788ರ ಆಗಸ್ಟ್‌ನಲ್ಲಿ ಇಬ್ಬರೂ ಅದೇ ಸೆಷನ್ ಮುಂದೆ ಬಂದು, ಪಾದ್ರಿ ಇಲ್ಲದೆ ಮದುವೆಯಾಗಿದ್ದೇವೆ ಅಂದರು. ಸೆಷನ್ ಅದನ್ನು ಒಪ್ಪಿತು. ಬರ್ನ್ಸ್ ಬಡವರಿಗಾಗಿ ಒಂದು ಗಿನಿ ಕೊಟ್ಟ ಅಂತ ಪುಸ್ತಕ ಹೇಳುತ್ತದೆ. ಸಾಕ್ಷಿಗಳ ಮುಂದೆ ಒಪ್ಪಿಕೊಂಡರೆ ಸಾಕು, ಮದುವೆ ಮದುವೆಯೇ ಅನ್ನುವ ಈ ಕಾನೂನು ಸ್ಕಾಟ್ಲೆಂಡಿನಲ್ಲಿ 1940ರ ತನಕ ಇತ್ತು. ನಿಮ್ಮ ಅಜ್ಜ ಅಜ್ಜಿಯ ಮದುವೆ ಚರ್ಚಿನ ಮದುವೆ ಪುಸ್ತಕದಲ್ಲಿ ಇಲ್ಲದಿದ್ದರೆ ಇದೂ ಕಾರಣ ಇರಬಹುದು.

ಕಿರ್ಕ್ ಸೆಷನ್ ಪುಟಗಳ ಚಿತ್ರಗಳನ್ನು 2021ರಿಂದ ಸ್ಕಾಟ್ಲೆಂಡ್ಸ್‌ಪೀಪಲ್‌ನಲ್ಲಿ ಪುಕ್ಕಟೆ ನೋಡಬಹುದು. ಆದರೆ ಬಹುಪಾಲು ಪುಸ್ತಕಗಳಿಗೆ ಹೆಸರಿನ ಇಂಡೆಕ್ಸ್ ಇಲ್ಲ. ಪ್ಯಾರಿಷ್ ಗೊತ್ತಿದ್ದವರಿಗೆ ಮಾತ್ರ ಇದು ಭಂಡಾರ, ಗೊತ್ತಿಲ್ಲದವರಿಗೆ ಕಾಡು.

ಲೈಬ್ರರಿ ಯಾಕೆ ಬೇಕು?

ಎಲ್ಲ ಆನ್‌ಲೈನ್ ಇರುವಾಗ ಲೈಬ್ರರಿ ಯಾಕೆ ಅಂತ ಕೇಳಬಹುದು. ದಾಖಲೆಯ ಹಾಳೆ ಹೆಸರು ಮತ್ತು ದಿನಾಂಕ ಕೊಡುತ್ತದೆ. ಅಷ್ಟು ಜಾನ್ ಸ್ಮಿತ್‌ಗಳಲ್ಲಿ ನಮ್ಮವನು ಯಾರು ಅನ್ನುವ ತೀರ್ಮಾನ ಎಷ್ಟೋ ಸಲ ಆಗುವುದು ಲೈಬ್ರರಿಯ ಮೇಜಿನ ಮೇಲೆ.

ಗ್ಲಾಸ್ಗೋದ ಮಿಚೆಲ್ ಲೈಬ್ರರಿಯಿಂದ ಶುರು ಮಾಡೋಣ. ಹೊಗೆಸೊಪ್ಪಿನ ವ್ಯಾಪಾರಿ ಸ್ಟೀಫನ್ ಮಿಚೆಲ್ ಬಿಟ್ಟುಹೋದ ದುಡ್ಡಿನಲ್ಲಿ 1877ರಲ್ಲಿ ತೆರೆದದ್ದು. ಈಗಿನ ಗುಮ್ಮಟದ ಕಟ್ಟಡ 1911ರದ್ದು. ನಗರದ ಹಳೆಯ ದಾಖಲೆಗಳೂ ಅಲ್ಲೇ ಇವೆ. ಅದರಲ್ಲಿ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಬಡವರ ನೆರವಿನ ಅರ್ಜಿಗಳು. ಇವು 1851ರಿಂದ 1948ರ ತನಕದವು.

ಈ ಅರ್ಜಿಗಳು ಇಷ್ಟು ವಿವರವಾಗಿರಲು ಕಾರಣ ಕರುಣೆ ಅಲ್ಲ, ಲೆಕ್ಕಾಚಾರ. 1845ರ ಕಾಯ್ದೆ ಪ್ರಕಾರ ಒಬ್ಬ ಬಡವನ ಖರ್ಚನ್ನು ಅವನು 'ಸೇರಿದ' ಪ್ಯಾರಿಷ್ ಕೊಡಬೇಕು. ಹುಟ್ಟಿದ ಊರು ಯಾವುದು, ಐದು ವರ್ಷ ಒಂದೇ ಕಡೆ ದುಡಿದು ಬಾಳಿದ್ದು ಎಲ್ಲಿ ಅನ್ನುವುದರ ಮೇಲೆ ಅದು ತೀರ್ಮಾನ. ಹಾಗಾಗಿ ಇನ್‌ಸ್ಪೆಕ್ಟರ್ ಮನೆಗೆ ಬಂದು ಎಲ್ಲ ಕೇಳುತ್ತಿದ್ದ. ಎಲ್ಲಿ ಹುಟ್ಟಿದಿರಿ, ಯಾರನ್ನು ಯಾವಾಗ ಮದುವೆಯಾದಿರಿ, ಯಾವ ಯಾವ ಬೀದಿಯಲ್ಲಿ ಎಷ್ಟು ದಿನ ಇದ್ದಿರಿ, ಅಪ್ಪ ಅಮ್ಮ ಎಲ್ಲಿಯವರು, ಮಕ್ಕಳು ದುಡಿಯುತ್ತಾರಾ, ಕಾಯಿಲೆ ಏನು. ಖರ್ಚನ್ನು ಬೇರೆ ಊರಿನ ತಲೆಗೆ ಕಟ್ಟುವ ಆಸೆ ಅವನಿಗೆ. ನಮಗೆ ಅದರಿಂದ ಲಾಭ. ಐರ್ಲೆಂಡಿನಿಂದ, ಹೈಲ್ಯಾಂಡ್ಸ್‌ನಿಂದ ಗ್ಲಾಸ್ಗೋದ ಗಿರಣಿ, ಬಂದರುಗಳಿಗೆ ಬಂದ ಸಾವಿರಾರು ಜನರ ಹುಟ್ಟೂರು ಬೇರೆ ಎಲ್ಲೂ ಇಲ್ಲದಿದ್ದರೂ ಇಲ್ಲಿದೆ. ಅಜ್ಜ ಬಡವನಾಗಿದ್ದ ಅಂತ ಬೇಜಾರು ಮಾಡಿಕೊಳ್ಳಬೇಡಿ. ವಂಶ ಹುಡುಕುವವರ ಪಾಲಿಗೆ ಅನುಕೂಲಸ್ಥನಾಗಿ ತೆಪ್ಪಗೆ ಬದುಕಿದವನಿಗಿಂತ ಕಷ್ಟಕ್ಕೆ ಸಿಕ್ಕಿದವನೇ ಹೆಚ್ಚು ದಾಖಲೆ ಬಿಟ್ಟಿರುತ್ತಾನೆ.

ಎಡಿನ್‌ಬರ್ಗ್‌ನ ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್‌ನ ಕೊಡುಗೆ ಬೇರೆ ಥರ. ವಕೀಲರ ಹಳೆಯ ಲೈಬ್ರರಿಯಿಂದ 1925ರಲ್ಲಿ ಹುಟ್ಟಿದ ಸಂಸ್ಥೆ ಇದು. ಇದರ ನಕ್ಷೆಗಳ ತಾಣ ಪುಕ್ಕಟೆ, ಬೆಂಗಳೂರಿನಲ್ಲಿ ಕೂತೇ ನೋಡಬಹುದು. 19ನೇ ಶತಮಾನದ ಸರ್ವೆ ನಕ್ಷೆಯನ್ನು ಈಗಿನ ಉಪಗ್ರಹ ಚಿತ್ರದ ಪಕ್ಕದಲ್ಲಿಟ್ಟು ನೋಡುವ ಸೌಲಭ್ಯ ಇದೆ. ಗಣತಿಯಲ್ಲಿ ಕಂಡ ಒಂಟಿ ತೋಟದ ಮನೆ ಈಗ ಹಾಳುಬಿದ್ದಿರಬಹುದು, ಹಳೆಯ ನಕ್ಷೆಯಲ್ಲಿ ಹೆಸರಿನ ಸಮೇತ ಇರುತ್ತದೆ. ಪಕ್ಕದ ಪ್ಯಾರಿಷ್ ಎಷ್ಟು ದೂರ, ನಡುವೆ ಹೊಳೆ ಇದೆಯಾ, ಮಗುವನ್ನು ಯಾವ ಚರ್ಚಿಗೆ ಎತ್ತಿಕೊಂಡು ಹೋಗಿರಬಹುದು ಎಲ್ಲ ನಕ್ಷೆಯೇ ಹೇಳುತ್ತದೆ. ಸ್ವಂತ ಪ್ಯಾರಿಷ್‌ನಲ್ಲಿ ಸಿಗದ ಜನನ ಸುತ್ತಲಿನ ಪ್ಯಾರಿಷ್‌ಗಳಲ್ಲಿ ಸಿಗುವುದು ಮಾಮೂಲು.

ಇದೇ ಲೈಬ್ರರಿ 700ಕ್ಕೂ ಹೆಚ್ಚು ಹಳೆಯ ಪೋಸ್ಟ್ ಆಫೀಸ್ ಡೈರೆಕ್ಟರಿಗಳನ್ನು ಸ್ಕ್ಯಾನ್ ಮಾಡಿ ಬಿಟ್ಟಿದೆ, 1773ರಿಂದ 1911ರ ತನಕದವು. ಯಾರ ಅಂಗಡಿ ಯಾವ ಬೀದಿಯಲ್ಲಿತ್ತು ಅಂತ ವರ್ಷ ವರ್ಷಕ್ಕೂ ಸಿಗುತ್ತದೆ. ಎಡಿನ್‌ಬರ್ಗ್‌ನ ಮೊದಲ ಡೈರೆಕ್ಟರಿ ತಂದ ಪೀಟರ್ ವಿಲಿಯಮ್ಸನ್ ಚಿಕ್ಕಂದಿನಲ್ಲಿ ಆಬರ್ಡೀನ್‌ನಿಂದ ಕಳ್ಳಸಾಗಣೆಯಾಗಿ ಅಮೆರಿಕದಲ್ಲಿ ಮಾರಾಟವಾಗಿದ್ದವನು. ಕಳೆದುಹೋದವನೇ ಊರಿನವರ ವಿಳಾಸ ಬರೆದಿಟ್ಟ. ಕೂಲಿಯವರು, ಬಾಡಿಗೆ ಕೋಣೆಯಲ್ಲಿ ಇದ್ದವರು ಡೈರೆಕ್ಟರಿಯಲ್ಲಿ ಸಿಗುವುದಿಲ್ಲ. ಅಂಥವರಿಗೆ 1855ರಿಂದ ವರ್ಷ ವರ್ಷವೂ ಬರೆದ ಮನೆ ತೆರಿಗೆಯ ಪಟ್ಟಿ ನೋಡಬೇಕು. ಮಾಲೀಕ ಯಾರು, ಬಾಡಿಗೆದಾರ ಯಾರು ಎರಡೂ ಅದರಲ್ಲಿ ಇರುತ್ತದೆ. ಹೆಂಡತಿ ಮಕ್ಕಳ ಹೆಸರು ಮಾತ್ರ ಇರುವುದಿಲ್ಲ.

ಊರು ಗೊತ್ತಾದ ಮೇಲೆ ಆ ಊರಿನ ಬದುಕು ಹೇಗಿತ್ತು ಅಂತ ತಿಳಿಯಲು ಒಂದೇ ಪುಸ್ತಕಮಾಲೆ ಸಾಕು. ಥರ್ಸೊದ ಸರ್ ಜಾನ್ ಸಿಂಕ್ಲೇರ್ ಪ್ರತಿ ಪ್ಯಾರಿಷ್ ಪಾದ್ರಿಗೂ 160ಕ್ಕೂ ಹೆಚ್ಚು ಪ್ರಶ್ನೆ ಕಳಿಸಿ, ಉತ್ತರ ಬಾರದಿದ್ದರೆ ಬೆನ್ನುಬಿದ್ದು ಬರೆಸಿ, 1791ರಿಂದ 1799ರ ನಡುವೆ 21 ಸಂಪುಟ ತಂದ. ಕೂಲಿ ಎಷ್ಟು, ಆಲೂಗಡ್ಡೆ ಬೆಳೆಯುತ್ತಾರಾ, ಜನ ಯಾಕೆ ಊರು ಬಿಡುತ್ತಿದ್ದಾರೆ ಎಲ್ಲ ಇದೆ. ಅಜ್ಜ ಯಾಕೆ ಗ್ಲಾಸ್ಗೋಗೆ ಬಂದ ಅನ್ನುವ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಇಲ್ಲೇ.

ದೊಡ್ಡ ಲೈಬ್ರರಿಗಳ ಆಚೆ ಊರೂರಿನ ಸಾರ್ವಜನಿಕ ಲೈಬ್ರರಿಗಳಿವೆ. ಪರ್ತ್‌ನ ಎ.ಕೆ. ಬೆಲ್ ಲೈಬ್ರರಿ, ಡಂಡೀಯ ಸೆಂಟ್ರಲ್ ಲೈಬ್ರರಿ, ಕರ್ಕ್‌ವಾಲ್‌ನ ಆರ್ಕ್ನಿ ಲೈಬ್ರರಿ ಇಂಥವು. ಇವುಗಳ ಸ್ಥಳೀಯ ಇತಿಹಾಸ ವಿಭಾಗದಲ್ಲಿ ಆಯಾ ಊರಿನ ಪ್ಯಾರಿಷ್ ಪುಸ್ತಕ, ಗಣತಿಗಳ ಮೈಕ್ರೋಫಿಲ್ಮ್ ಇರುತ್ತದೆ. ಹಳೆಯ ಸ್ಥಳೀಯ ಪತ್ರಿಕೆ ಇರುತ್ತದೆ. ಹವ್ಯಾಸಿಗಳು ಮಳೆ ಚಳಿ ಅನ್ನದೆ ಸ್ಮಶಾನ ಸುತ್ತಿ ಬರೆದುಕೊಂಡ ಗೋರಿಕಲ್ಲುಗಳ ಬರಹದ ಸಣ್ಣ ಪುಸ್ತಕಗಳು ಇರುತ್ತವೆ. ಕಲ್ಲು ಸವೆದು ಅಕ್ಷರ ಅಳಿಸಿದ್ದರೂ ಪುಸ್ತಕದಲ್ಲಿ ಉಳಿದಿರುತ್ತದೆ.

ಇಲ್ಲಿನ ಸಿಬ್ಬಂದಿಗೆ ಇಮೇಲ್ ಬರೆಯಬಹುದು. ಪ್ರಶ್ನೆ ಕೇಳುವ ರೀತಿ ಮುಖ್ಯ. 'ನಮ್ಮ ರಾಬರ್ಟ್‌ಸನ್ ಮನೆತನದ ಬಗ್ಗೆ ಏನಿದೆ ಕಳಿಸಿ' ಅಂದರೆ ಯಾರಿಂದಲೂ ಆಗುವ ಕೆಲಸ ಅಲ್ಲ. 'ಇಂಥ ಪ್ಯಾರಿಷ್‌ನ ಇಂಥ ತೋಟದಲ್ಲಿ 1851ರ ಗಣತಿಯಲ್ಲಿ ಈ ಕುಟುಂಬ ಇದೆ, 1861ಕ್ಕೆ ಇಲ್ಲ. ಆ ಚರ್ಚಿನ ಗೋರಿಕಲ್ಲುಗಳ ಪಟ್ಟಿಯಲ್ಲಿ ಇವರಿದ್ದಾರಾ' ಅಂತ ಕೇಳಿದರೆ ಅವರು ಕಪಾಟಿನ ಹತ್ತಿರ ಹೋಗಿ ನೋಡಬಹುದು. ನೀವು ಈಗಾಗಲೇ ಏನೇನು ನೋಡಿದ್ದೀರಿ ಅನ್ನುವುದನ್ನೂ ಬರೆಯಿರಿ.

ಕರ್ನಾಟಕದ ಕಡೆಯಿಂದ ಹೊರಟವರಿಗೆ

ನಮ್ಮ ನೆಲಕ್ಕೆ ಬಂದ ಸ್ಕಾಟರು ಕಮ್ಮಿ ಏನಿಲ್ಲ. ಮೈಸೂರು ಸೀಮೆಯ ಸರ್ವೆ ಮಾಡಿ ಕೈಫಿಯತ್ತುಗಳನ್ನು ಕೂಡಿಹಾಕಿದ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದ ಸ್ಟಾರ್ನೊವೇಯವನು. ಕೆನರಾ ಜಿಲ್ಲೆಯ ಕಂದಾಯ ನೋಡಿಕೊಂಡ ಥಾಮಸ್ ಮನ್ರೋ ಗ್ಲಾಸ್ಗೋದವನು. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್ ಕೂಡ ಸ್ಕಾಟನೇ. ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚ್ ಕಟ್ಟಿದ್ದು ಇಂಥ ಸ್ಕಾಟರಿಗಾಗಿಯೇ, 1860ರ ದಶಕದಲ್ಲಿ. ಇವರೆಲ್ಲ ಹೆಸರು ಮಾಡಿದವರು. ಹೆಸರಿಲ್ಲದ ಸಿಪಾಯಿ, ಮೇಸ್ತ್ರಿ, ಕಾಫಿ ತೋಟದ ಮ್ಯಾನೇಜರ್‌ಗಳನ್ನು ಹುಡುಕುವುದು ಕಷ್ಟ, ಆದರೆ ಆಗದ್ದಲ್ಲ.

ಇಲ್ಲಿ ಶುರು ಮಾಡಬೇಕಾದದ್ದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಿಂದ. ಇಂಡಿಯಾದ ಚರ್ಚುಗಳು ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ಪ್ರತಿಗಳನ್ನು ಪ್ರೆಸಿಡೆನ್ಸಿವಾರು ಕಳಿಸುತ್ತಿದ್ದವು. ಬೆಂಗಳೂರಿನವು ಮದ್ರಾಸ್ ಕಟ್ಟಿನಲ್ಲಿವೆ. ಬ್ರಿಟಿಷ್ ಇಂಡಿಯಾದ ಕುಟುಂಬಗಳನ್ನು ಹುಡುಕುವ ಫಿಬಿಸ್ ಎಂಬ ಸಂಘದ ಇಂಡೆಕ್ಸ್ ಪುಕ್ಕಟೆ. ಆದರೆ ಈ ಪ್ರತಿಗಳಲ್ಲಿ ಸ್ಕಾಟ್ಲೆಂಡಿನ ಹುಟ್ಟೂರು ಇರುವುದು ಅಪರೂಪ. ಅದು ಬೇಕಿದ್ದರೆ ಈಸ್ಟ್ ಇಂಡಿಯಾ ಕಂಪನಿಯ ಸೇನೆಗೆ ಸೇರಿದ ಯುರೋಪಿಯನ್ ಸಿಪಾಯಿಗಳ ರಿಜಿಸ್ಟರ್ ನೋಡಬೇಕು. ಅವನ ಎತ್ತರ, ಮೊದಲಿನ ಕಸುಬು, ಬಂದ ಊರು, ಕೌಂಟಿ ಅಲ್ಲಿ ಇರುತ್ತದೆ. ಆ ಊರು ಸಿಕ್ಕಿತೆಂದರೆ ಮೇಲೆ ಹೇಳಿದ ದಾರಿಯೆಲ್ಲ ತೆರೆಯಿತು. ಗೋರಿಕಲ್ಲಿನ ಪುಸ್ತಕಗಳನ್ನೂ ಮರೆಯಬೇಡಿ. ಮಗ ಇಂಡಿಯಾದಲ್ಲಿ ಸತ್ತಿದ್ದರೂ ಸ್ಕಾಟ್ಲೆಂಡಿನ ಅಪ್ಪ ಅಮ್ಮನ ಕಲ್ಲಿನ ಮೇಲೆ ಅವನ ಹೆಸರು, ಸತ್ತ ಊರು ಕೆತ್ತಿಸುವುದು ಅಲ್ಲಿ ರೂಢಿಯಾಗಿತ್ತು.

ಕೊನೆಗೆ ಉಯಿಲು. 1513ರಿಂದ 1925ರ ತನಕದ ಸ್ಕಾಟಿಷ್ ಉಯಿಲು ಮತ್ತು ಆಸ್ತಿ ಪಟ್ಟಿಗಳ ಇಂಡೆಕ್ಸ್ ಸ್ಕಾಟ್ಲೆಂಡ್ಸ್‌ಪೀಪಲ್‌ನಲ್ಲಿದೆ. ಇಂಡಿಯಾದಲ್ಲಿ ಸತ್ತವನಿಗೆ ಊರಲ್ಲಿ ದುಡ್ಡು, ಸಾಲ, ಷೇರು ಏನಾದರೂ ಇದ್ದರೆ ಅದರ ವಿಲೇವಾರಿ ಆಗುತ್ತಿದ್ದದ್ದು ಹುಟ್ಟೂರಿನ ಕೋರ್ಟಿನಲ್ಲಿ ಅಲ್ಲ. ಹೊರದೇಶದಲ್ಲಿ ಸತ್ತ ಸ್ಕಾಟರ ಪ್ರಕರಣಗಳೆಲ್ಲ ಎಡಿನ್‌ಬರ್ಗ್ ಕೋರ್ಟಿಗೆ ಹೋಗುತ್ತಿದ್ದವು. ಹಾಗಾಗಿ ಇನ್ವರ್ನೆಸ್ ಅಥವಾ ಪರ್ತ್ ಕೋರ್ಟಿನಲ್ಲಿ ನೋಡಿ ಸಿಗಲಿಲ್ಲ ಅಂತ ಬಿಡಬೇಡಿ. ಕೋರ್ಟಿನ ಜಾಗದಲ್ಲಿ ಎಡಿನ್‌ಬರ್ಗ್ ಅಂತ ಹಾಕಿ ಇನ್ನೊಮ್ಮೆ ಹುಡುಕಿ.